ಅಪ್ಪಚ್ಚಿಯ ಅನ್ನದ ಪಾತ್ರೆ ಮತ್ತು ಬೆಕ್ಕಿನ ಮುಖದ ಯಂತ್ರ

"ಇದ್ಕೆ ಊಟ ಯಾರು ಹಾಕೂದು?"

ಹೊನ್ನಾವರದ ಹೆದ್ದಾರಿ ಬದಿಯ ಸಭಾಭವನದಲ್ಲಿ ಆ ಯಂತ್ರದ ಪ್ಯಾಕಿಂಗ್ ಬಿಚ್ಚಿ ಊಟದ ಹಾಲ್‌ನ ನಡುವೆ ನಿಲ್ಲಿಸಿದಾಗ, ನಮ್ಮ ತಂಡದಲ್ಲಿ ಪಲ್ಯ ಬಡಿಸುವ ಅಕ್ಕ ಕೇಳಿದ ಮೊದಲ ಮಾತು ಇದು. ತಮಾಷೆಗೆ ಕೇಳಿದ್ದಲ್ಲ. ಮದುವೆ, ಮುಂಜಿ, ಗೃಹಪ್ರವೇಶ ಯಾವುದೇ ಇರಲಿ, ಕೊನೆಯ ಪಂಕ್ತಿ ಎದ್ದ ಮೇಲೆ ಬಡಿಸಿದವರೆಲ್ಲ ಒಟ್ಟಿಗೆ ಎಲೆ ಹಾಕಿಕೊಂಡು, ಒಬ್ಬರಿಗೊಬ್ಬರು ಬಡಿಸಿಕೊಂಡು ಉಣ್ಣುವುದು ನಮ್ಮ ಕ್ರಮ. ತಂಡಕ್ಕೆ ಒಬ್ಬರು ಹೊಸದಾಗಿ ಸೇರಿದರೆಂದರೆ ಆ ಸಾಲಿಗೆ ಒಂದು ಎಲೆ ಹೆಚ್ಚು.

"ಅದು ಉಣ್ಣೂದಿಲ್ಲ ಅಕ್ಕ. ಕರೆಂಟಿಗೆ ಹಾಕಿದ್ರೆ ಆತು," ಎಂದೆ.

"ಹಂಗಾರೆ ನಮ್ಮ ಪೈಕಿ ಅಲ್ಲ, ಬಿಡಿ," ಎಂದವಳೇ ಬಕೆಟ್ಟು ತೊಳೆಯಲು ಹೋದಳು.

ನನ್ನ ಗ್ರಹಚಾರ ಶುರುವಾದದ್ದು ಅಲ್ಲಿಂದ.

ನಾನು ಹೊಟ್ಟೆಪಾಡಿಗೆ ಬಡಿಸುವವನಲ್ಲ. ಕುಮಟೆಯಲ್ಲಿ ನನ್ನದೊಂದು ಔಷಧದ ಅಂಗಡಿಯಿದೆ. ಆದರೆ ಚಿಕ್ಕಂದಿನಿಂದ ಯಾರ ಮನೆಯ ಕಾರ್ಯವಾದರೂ ಪಂಚೆ ಎತ್ತಿಕಟ್ಟಿ ಸೌಟು ಹಿಡಿಯುವುದು ರೂಢಿ. ಈಗ ಮನೆಗಳಲ್ಲಿ ಕೈಗಳು ಕಡಿಮೆಯಾಗಿ ಕಾರ್ಯಗಳೆಲ್ಲ ಸಭಾಭವನಕ್ಕೆ ಬಂದವಲ್ಲ, ಅಲ್ಲಿಯ ಮಾಲೀಕರು ನಮ್ಮ ಏಳು ಜನರನ್ನೇ ಕಾಯಂ ಮಾಡಿಕೊಂಡರು. ತಂಡಕ್ಕೆ ನಾನು ಮುಖ್ಯಸ್ಥ. ಎಲ್ಲರಿಂದ ಬೈಸಿಕೊಳ್ಳಲು ಒಬ್ಬ ಬೇಕಿತ್ತು, ಉಳಿದ ಆರು ಜನ ಹಿಂದೆ ಸರಿದರು, ಅಷ್ಟೆ.

ನಮ್ಮಲ್ಲಿ ಸೌಟಿಗೂ ಬಡ್ತಿ ಇದೆ. ಹೊಸಬರಿಗೆ ಮೊದಲು ನೀರು. ಆಮೇಲೆ ಉಪ್ಪು, ಉಪ್ಪಿನಕಾಯಿ. ಕೈ ಕುದುರಿದ ಮೇಲೆ ಕೋಸಂಬರಿ, ಪಲ್ಯ. ಸಾರಿನ ಬಕೆಟ್ಟು ಸಿಗಲು ವರ್ಷಗಟ್ಟಲೆ ಕಾಯಬೇಕು, ಯಾಕೆಂದರೆ ಬಿಸಿ ಸಾರು ಯಾರ ಮಡಿಲಿಗಾದರೂ ಬಿದ್ದರೆ ಆ ಮನೆಯವರು ಮೂರು ತಲೆಮಾರು ಅದನ್ನೇ ಹೇಳಿಕೊಂಡು ತಿರುಗುತ್ತಾರೆ. ಅನ್ನ ಎಲ್ಲಕ್ಕಿಂತ ಮೇಲೆ. ಅನ್ನದವನು ನಡೆದ ಹಾಗೆ ಪಂಕ್ತಿ ನಡೆಯಬೇಕು. ಅವನು ಓಡಿದರೆ ಸಾರಿನವನೂ ಓಡಬೇಕು, ಅವನು ತಡೆದರೆ ತುಪ್ಪದವನು ಮಿಳ್ಳಿ ಹಿಡಿದುಕೊಂಡು ನಿಲ್ಲಬೇಕು.

ನನಗೆ ಬುದ್ಧಿ ತಿಳಿದಾಗಿನಿಂದ ನಮ್ಮಲ್ಲಿ ಅನ್ನ ಅಪ್ಪಚ್ಚಿಯದು. ಅಪ್ಪಚ್ಚಿ ಎಂದರೆ ನನ್ನ ಅಪ್ಪನ ತಮ್ಮ. ಎಡಗೈಯಲ್ಲಿ ದೊಡ್ಡ ಪಾತ್ರೆಯನ್ನು ಸೊಂಟಕ್ಕೆ ಆನಿಸಿ, ಬಲಗೈಯ ಉದ್ದ ಹಿಡಿಯ ಸೌಟಿನಿಂದ ಒಂದೇ ಸಲಕ್ಕೆ ಎಲೆಯ ಮೇಲೆ ಅನ್ನ ಇಳಿಸಿದನೆಂದರೆ ಒಂದು ಅಗಳು ಆಚೆ ಬೀಳುತ್ತಿರಲಿಲ್ಲ. ಬಡಿಸುವುದನ್ನೂ, ಬಡಿಸುವಾಗ ಆಡುವ ಮಾತನ್ನೂ ನಾನು ಕಲಿತದ್ದು ಅವನಿಂದ. ನಾನು ಮೊದಲ ಸಲ ಉಪ್ಪಿನಕಾಯಿ ಹಿಡಿದು "ಬೇಕಾ, ಬೇಕಾ" ಎನ್ನುತ್ತ ಹೊರಟಾಗ ಪಂಕ್ತಿಯ ತುದಿಯಲ್ಲಿ ಕಿವಿ ಹಿಂಡಿದ್ದ.

"ಬೇಕಾ ಹೇಳಿ ಕೇಳಲಾಗ ತಮಾ. ಕೇಳಿದ್ರೆ ಎಲ್ಲರೂ ಬೇಡ ಹೇಳ್ತ. ಎಲೆ ನೋಡು. ಎಲೆ ಬೇಕು ಹೇಳ್ತಾ ಇದ್ರೆ ಹಾಕು."

ಈ ಮಾತನ್ನು ನೆನಪಿಟ್ಟುಕೊಳ್ಳಬೇಕಾದವನು ನಾನು. ಅದನ್ನು ಮುಂದೆ ಹೇಳುತ್ತೇನೆ.

ಹೋದ ವರ್ಷ ಮುಟ್ಟಳ್ಳಿಯ ಒಂದು ಗೃಹಪ್ರವೇಶದಲ್ಲಿ ಅಪ್ಪಚ್ಚಿಯ ಮಂಡಿ ಪಂಕ್ತಿಯ ನಡುವೆಯೇ ಕೈಕೊಟ್ಟಿತು. ಪಾತ್ರೆ ವಾಲಿತು. ಹಿಂದೆಯೇ ಇದ್ದ ನಾನು ಹಿಡಿದುಕೊಂಡೆ. ಅರ್ಧ ಸೌಟು ಅನ್ನ ಮಾತ್ರ ನೆಲಕ್ಕೆ ಬಿತ್ತು. "ನೆಲ ಜಾರ್ತು," ಎಂದ. ನೆಲ ಒಣಗಿ ಬಣಬಣ ಎನ್ನುತ್ತಿತ್ತು. ನಮ್ಮ ಕೆಟ್ಟ ಗಳಿಗೆಗೆ ಸಭಾಭವನದ ಮಾಲೀಕರೂ ಅದೇ ಪಂಕ್ತಿಯಲ್ಲಿ ಉಣ್ಣುತ್ತಿದ್ದರು. ಅನ್ನ ಬಿದ್ದ ಜಾಗವನ್ನೂ, ಅಪ್ಪಚ್ಚಿಯ ಕಾಲನ್ನೂ ನೋಡಿ ತೊವ್ವೆ ಕಲಸಿಕೊಂಡರು.

ಅದಾಗಿ ಸ್ವಲ್ಪ ದಿನಕ್ಕೆ ಭಟ್ಕಳದಲ್ಲಿ ಔಷಧದ ಅಂಗಡಿ ಇಟ್ಟುಕೊಂಡಿರುವ ನನ್ನ ಹಳೆಯ ಗೆಳೆಯ ಫೋನಿನಲ್ಲಿ ಯಾವುದೋ ಸಿರಪ್ಪಿನ ವಿಷಯ ಮಾತಾಡುತ್ತ ಕೇಳಿದ: "ಅಲ್ಲ ಭಾಯಿ, ನಿಮ್ಮ ಚಿಕ್ಕಪ್ಪ ಪ್ರತಿ ತಿಂಗಳು ನಮ್ಮಲ್ಲಿ ಮಂಡಿಗೆ ಹಚ್ಚೂದು ತಗೊಂಡು ಹೋಗ್ತಾರಲ್ಲ. ನಿಮ್ಮಲ್ಲಿ ಸ್ಟಾಕ್ ಇಲ್ವಾ?"

ನನ್ನ ಅಂಗಡಿಯಲ್ಲಿ ಒಂದು ಕಪಾಟಿನ ತುಂಬ ಇದೆ! ಈ ಮನುಷ್ಯ ನನ್ನ ಅಂಗಡಿಯ ಎದುರೇ ಬಸ್ಸು ಹತ್ತಿ, ಹೊನ್ನಾವರ ದಾಟಿ, ಭಟ್ಕಳಕ್ಕೆ ಹೋಗಿ, ಮುಲಾಮು ಕೊಂಡು, ನೋಯುವ ಮಂಡಿಯಲ್ಲಿ ಅಷ್ಟೂ ದೂರ ವಾಪಸು ಬರುತ್ತಿದ್ದ. ನನಗೆ ತಿಳಿಯಬಾರದೆಂದು. ಯಾವ ಗೋಡೆಗೆ ತಲೆ ಚಚ್ಚಿಕೊಳ್ಳಲಿ?

ಅಂದಿನಿಂದ ಪ್ರತಿ ಕಾರ್ಯದಲ್ಲೂ ಕೇಳಿದೆ, ನಾನು ಎನ್ನುವುದಕ್ಕೆ ಆನು, ನನಗೆ ಎನ್ನುವುದಕ್ಕೆ ಎಂಗೆ ಎನ್ನುವ ನಮ್ಮ ಮನೆಮಾತಿನಲ್ಲಿ. "ಅಪ್ಪಚ್ಚಿ, ಮಂಡಿ ನೋವಿದ್ದಾ? ಪಾತ್ರೆ ಆನು ಹಿಡ್ಕತ್ತೆ, ನೀನು ಸೌಟು ಮಾತ್ರ ಹಾಕು."

"ಪಾತ್ರೆ ಒಬ್ಬನ ಕೈಲಿ, ಸೌಟು ಒಬ್ಬನ ಕೈಲಿ. ಎಂತದು, ಆನು ಮದುಮಗನಾ? ಎಂಗೆ ಎಂತೂ ಆಜಿಲ್ಲೆ. ನೀನು ನಿನ್ನ ಸಾರು ನೋಡ್ಕ."

ಹೀಗಿರುವಾಗಲೇ ಬಂತು ಯಂತ್ರ. ಗೋವೆಯಲ್ಲಿ ಮುಚ್ಚಿಹೋದ ಒಂದು ಹೋಟೆಲಿನಿಂದ ಮಾಲೀಕರು ಅದನ್ನು ತರಿಸಿದ್ದರು. ಎದೆಯೆತ್ತರದ ಕಪಾಟಿನಂಥದು, ಕೆಳಗೆ ಗಾಲಿ, ನಡುವೆ ತಟ್ಟೆಗಳು, ಮೇಲೆ ಒಂದು ಪರದೆ. ಪರದೆಯಲ್ಲಿ ಬೆಕ್ಕಿನ ಮುಖ, ಅದು ಕಣ್ಣು ಮಿಟುಕಿಸುತ್ತದೆ. ಹೋಗಬೇಕಾದ ಸಾಲಿನ ಸಂಖ್ಯೆ ಒತ್ತಿದರೆ ತಾನೇ ಹೋಗುತ್ತದೆ, ಎದುರು ಯಾರಾದರೂ ಬಂದರೆ ನಿಲ್ಲುತ್ತದೆ, ನಿಂತು ಹೆಣ್ಣು ದನಿಯಲ್ಲಿ, "ದಯವಿಟ್ಟು ದಾರಿ ಬಿಡಿ. ನಾನು ಕೆಲಸದಲ್ಲಿದ್ದೇನೆ," ಎನ್ನುತ್ತದೆ.

"ಹಂಗಾರೆ ನಾವೆಂತ ಗೋಲಿ ಆಡ್ತಾ ಇದೇವಾ?" ಎಂದಳು ಪಲ್ಯದ ಅಕ್ಕ.

ಮಾಲೀಕರು ನನ್ನನ್ನು ಬದಿಗೆ ಕರೆದರು. "ಇದನ್ನ ಅನ್ನಕ್ಕೇ ಹಾಕುವ ಮಾರಾಯ್ರೆ. ಭಾರದ ಕೆಲಸ ಅಲ್ದಾ? ಸೌಟು ನೀವು ಹಿಡೀರಿ. ನಿಮ್ಮ ಚಿಕ್ಕಪ್ಪನ್ನ ಬಾಗಿಲಲ್ಲಿ ಪನ್ನೀರು ಹಾಕೂಕೆ ಕೂರ್ಸುವ. ಮರ್ಯಾದೆಗೆ ಮರ್ಯಾದೆಯೂ ಆತು, ಕಾಲಿಗೂ ಸುಖ ಆತು."

"ಯಂತ್ರ ಪಾತ್ರೆ ಹೊರಲಿ, ಸೌಟು ಅವರೇ ಹಿಡೀಲಿ. ಒಂದು ಸಲ ನೋಡುವ," ಎಂದು ಕೇಳಿಕೊಂಡೆ.

"ಅವ್ರು ಒಪ್ಪೂದಾ?" ಎಂದು ನಕ್ಕರು. "ಮುಂದಿನ ದೊಡ್ಡ ಮದುವೆವರೆಗೆ ಟೈಮ್ ಕೊಡ್ತೆ. ಒಪ್ಪಲಿಲ್ಲ ಅಂದ್ರೆ ಪನ್ನೀರೇ. ತುಂಬಿದ ಪಂಕ್ತೀಲಿ ಯಾರ ಮೈಮೇಲಾದ್ರೂ ಬಿದ್ರೆ ಎಂತ ಮಾಡೂದು ಹೇಳಿ?"

ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಅದೇ ನನಗೆ ಹೆಚ್ಚು ಸಿಟ್ಟು ತಂದದ್ದು.

ಅಪ್ಪಚ್ಚಿಗೆ ಹೇಳಿದೆ. ಅವನು ಕವಳದ ತಟ್ಟೆ ಮುಂದಿಟ್ಟುಕೊಂಡು ಎಲೆಗೆ ಸುಣ್ಣ ಸವರುತ್ತಿದ್ದ. ತಲೆಯೆತ್ತದೆ ಹೇಳಿದ: "ಇವತ್ತು ಪನ್ನೀರು ಹಾಕುಲೆ ಬಾಗಿಲಲ್ಲಿ ಕೂರ್ಸ್ತ್ರಿ. ನಾಳೆ ಅದೇ ಕುರ್ಚಿ ಮೇಲೆ ಫೋಟೋ ಇಟ್ಟು ಹಾರ ಹಾಕ್ತ್ರಿ. ಅನ್ನ ಬಿಟ್ರೆ ಆನು ಪಂಕ್ತಿಗೇ ಬತ್ನಿಲ್ಲೆ."

"ಅನ್ನ ಬಿಡು ಹೇಳಿ ಯಾರು ಹೇಳಿದ್ದ? ಪಾತ್ರೆ ಮಾತ್ರ ಅದು ಹೊರ್ತು."

"ಅದಕ್ಕೆ ಬಂದ ದಿನವೇ ಅನ್ನನಾ? ಎಂಗೂ ಮೊದ್ಲು ನೀರೇ ಕೊಟ್ಟಿದ್ದ. ನಿಂಗೂ ನೀರೇ ಕೊಟ್ಟಿದ್ದು. ಅದು ಎಂತ ದೊಡ್ಡ ಮನುಷ್ಯ?"

ಹೀಗಾಗಿ ಯಂತ್ರ ನಮ್ಮಲ್ಲಿ ನೀರಿನಿಂದ ಶುರುಮಾಡಿತು. ಮಾಲೀಕರಿಗೆ "ಅಭ್ಯಾಸ ಆಗ್ಲಿ" ಎಂದು ಸುಳ್ಳು ಹೇಳಿದೆ. ಒಂದು ಮುಂಜಿ, ಒಂದು ಷಷ್ಟ್ಯಬ್ದಿ, ಎರಡಕ್ಕೂ ಅದು ನೀರಿನ ಜಗ್ಗುಗಳನ್ನು ಹೊತ್ತುಕೊಂಡು ಓಡಾಡಿತು. ಓಡಾಡಿದ್ದು ಅದೊಂದೇ ಅಲ್ಲ ಎನ್ನುವುದು ನನ್ನ ಗೋಳು. ಅದು ಅಡುಗೆಮನೆಗೆ ಹೊರಟರೆ ಪಲ್ಯದ ಅಕ್ಕ ಹಿಂದೆಯೇ ಹೊರಡುತ್ತಿದ್ದಳು.

"ನೀವೆಂತಕ್ಕೆ ಹೋಗೂದು?"

"ಅದು ಹೋಗ್ತದಾ ಇಲ್ಯಾ ನೋಡೂಕೆ."

"ಹೋಗ್ತದೆ ಅಕ್ಕ."

"ಹೋಗ್ತದೆ, ಸಮ. ಬರ್ತದೆ ಅಂತ ಎಂತ ಗ್ಯಾರಂಟಿ?"

ಅಡುಗೆ ಭಟ್ಟರದು ಇನ್ನೊಂದು ರಗಳೆ. ಯಂತ್ರ ಬಾಗಿಲಲ್ಲಿ ಬಂದು ನಿಂತರೆ ಜಗ್ಗು ಇಡುತ್ತಿದ್ದರು, ಆದರೆ ಮುಖ್ಯಸ್ಥನಾದ ನಾನು ಬಂದು "ಹೌದು, ಮೂರನೇ ಸಾಲಿಗೆ ನೀರು ಬೇಕು" ಎನ್ನುವವರೆಗೆ ಅದನ್ನು ಬಿಡುತ್ತಿರಲಿಲ್ಲ. ನಾವು ನಾವೇ ಆದರೆ ಮಾತೇ ಬೇಡ; ಸಾಲಿನ ಆ ತುದಿಯಿಂದ ಗದ್ದ ಎತ್ತಿದರೆ ಸಾರು, ಹುಬ್ಬು ಎತ್ತಿದರೆ ತುಪ್ಪ. "ಅದರ ಮುಖ ನೋಡಿದ್ರೆ ಎಂತ ತಿಳೀತು? ಹುಳಿಗೆ ಬಂದ್ರೂ ಕಣ್ಣು ಹೊಡೀತು, ನೀರಿಗೆ ಬಂದ್ರೂ ಕಣ್ಣು ಹೊಡೀತು," ಎಂದು ಭಟ್ಟರ ವಾದ. ಏಳು ಜನರ ಕೆಲಸ ಆರಕ್ಕೆ ಇಳಿಯಬೇಕಾದಲ್ಲಿ ಒಂಬತ್ತು ಜನರಷ್ಟಾಯಿತು. ಅದರ ಕೆಲಸವನ್ನು ಅದು ಮಾಡುತ್ತಿತ್ತು. ಮಾಡುತ್ತದೆಯೋ ಇಲ್ಲವೋ ಎಂದು ನೋಡುವ ಕೆಲಸವನ್ನು ನಾವೆಲ್ಲ ಮಾಡುತ್ತಿದ್ದೆವು.

ಷಷ್ಟ್ಯಬ್ದಿಯ ಹೊತ್ತಿಗೆ ಇನ್ನೊಂದು ಶುರುವಾಯಿತು. ತುಪ್ಪದ ಮಿಳ್ಳಿ ಕಾಣಲಿಲ್ಲವೋ, "ಬೆಕ್ಕೇ ಎಲ್ಲೋ ಇಟ್ಟಿರ್ಬೇಕು." ಹಪ್ಪಳ ಮೆತ್ತಗಾಯಿತೋ, "ಬೆಕ್ಕು ಅಡ್ಡ ನಿಂತು ಲೇಟಾಯ್ತು." ನನಗೆ ರೇಗಿ ಹೋಗುತ್ತಿತ್ತು. ಆಮೇಲೆ ಯೋಚಿಸಿದರೆ, ನಾನು ತಂಡಕ್ಕೆ ಸೇರಿದ ಹೊಸದರಲ್ಲಿ ಕಾಣೆಯಾದ ಮಿಳ್ಳಿಗಳೆಲ್ಲ ನನ್ನ ಲೆಕ್ಕಕ್ಕೇ ಬೀಳುತ್ತಿದ್ದವು. ಬೈಗುಳ ಶುರುವಾಯಿತೆಂದರೆ ಅರ್ಧ ಒಳಗೆ ಬಂದ ಹಾಗೆ.

ಅಪ್ಪಚ್ಚಿ ಮಾತ್ರ ಅದನ್ನು ಬೈಯಲೂ ಇಲ್ಲ. ಒಂದೇ ಸಲ, ಷಷ್ಟ್ಯಬ್ದಿಯ ದಿನ ಸಭಾಭವನದಲ್ಲಿ ಜನರಿಲ್ಲದಾಗ, ಹೋಗಿ ಅದರ ದಾರಿಗೆ ಅಡ್ಡ ನಿಂತುಕೊಂಡ. ಅದು ನಿಂತಿತು. ದಾರಿ ಬಿಡಿ ಎಂದಿತು. ಇವನು ಬಿಡಲಿಲ್ಲ. ಅದು ಮತ್ತೆ ಹೇಳಿತು. ಇವನು ಕವಳ ಅಗಿಯುತ್ತ ಅದರ ಮುಖವನ್ನೇ ನೋಡುತ್ತ ನಿಂತ. ಎಷ್ಟು ಹೊತ್ತಾದರೂ ಅದು ನುಗ್ಗಲಿಲ್ಲ.

"ಮೈಮೇಲೆ ಬತ್ತಿಲ್ಲೆ," ಎಂದು ತನಗೆ ತಾನೇ ಹೇಳಿಕೊಂಡು ಸರಿದ. ಒಪ್ಪಿಗೆಯೇ ಇರಬೇಕು ಎಂದು ನಾನು ಹಿಗ್ಗಿದೆ. "ಹಂಗಾರೆ ಮದುವೆಗೆ ಅನ್ನಕ್ಕೆ ಇದನ್ನೇ..." ಎಂದು ಬಾಯಿ ತೆರೆದೆ.

"ನಿಂಗೆ ಒಂದ್ಸಲ ಹೇಳಿದ್ರೆ ಗೊತ್ತಾಗ್ತಿಲ್ಲೆಯನ?" ಎಂದು ಗದರಿದ.

ಮದುವೆಯ ದಿನ ಬಂತು. ಅಪ್ಪಚ್ಚಿ ಪಂಚೆ ಎತ್ತಿಕಟ್ಟಿಕೊಂಡೇ ಬಂದಿದ್ದ, ತನ್ನ ಉದ್ದ ಹಿಡಿಯ ಸೌಟನ್ನೂ ಎಂದಿನಂತೆ ಭಟ್ಟರ ಕೈಗೆ ಕೊಟ್ಟು. ಮಾಲೀಕರು ಅವನೆದುರೇ, "ಅನ್ನ ಯಂತ್ರದ ಮೇಲೆ. ಸೌಟು ಹಿಡಿಯೂದಾದ್ರೆ ಹಿಡೀರಿ, ಇಲ್ದಿದ್ರೆ ಪನ್ನೀರಿಗೆ ಕೂರ್ರಿ," ಎಂದರು. ಅವನು ಕಟ್ಟಿದ ಪಂಚೆಯನ್ನು ಇಳಿಬಿಟ್ಟು, ಊಟದ ಹಾಲಿನ ಬಾಗಿಲಲ್ಲಿ ಪನ್ನೀರಿನ ಮೇಜಿನ ಪಕ್ಕದ ಕುರ್ಚಿಯಲ್ಲಿ ಕೂತ. ಪನ್ನೀರುದಾನಿಯನ್ನು ಮುಟ್ಟಲಿಲ್ಲ. ಬಂದ ನೆಂಟರು ಅವನೆದುರು ಕೈಯೊಡ್ಡಿ, ಕಾದು, ಕೊನೆಗೆ ತಾವೇ ಚಿಮುಕಿಸಿಕೊಂಡು ಒಳಗೆ ಹೋಗುತ್ತಿದ್ದರು. ಇವತ್ತು ಮನೆಗೆ ಹೋದವನು ಮತ್ತೆ ಬರುವುದಿಲ್ಲ ಎಂದು ನನಗೆ ಖಾತ್ರಿಯಾಗಿತ್ತು.

ಮೊದಲ ಪಂಕ್ತಿ ತುಂಬಿತು. ಉಪ್ಪಿನಿಂದ ಚಿತ್ರಾನ್ನದವರೆಗೆ ಎಲ್ಲ ಎಲೆಯ ಮೇಲೆ ಬಂತು. ಇನ್ನು ಅನ್ನ. ನಾನು ಸಾಲಿನ ಈ ತುದಿಯಲ್ಲಿ ಸೌಟು ಹಿಡಿದು ನಿಂತಿದ್ದೆ. ಆ ತುದಿಯ ಅಡುಗೆಮನೆಯಿಂದ ಯಂತ್ರ ಹಬೆಯಾಡುವ ಅನ್ನದ ಪಾತ್ರೆಯನ್ನು ಹೊತ್ತು ನಿಧಾನವಾಗಿ ಹೊರಟಿತು. ಅದರ ಬೆನ್ನಿಗೆ ಪಲ್ಯದ ಅಕ್ಕ, ಅವಳ ಹಿಂದೆ ತೊವ್ವೆ, ತುಪ್ಪ.

ಅದೇ ಹೊತ್ತಿಗೆ ಹುಡುಗಿಯ ಅಪ್ಪ ಉಪಚಾರಕ್ಕೆಂದು ನನ್ನ ತುದಿಯಿಂದ ಸಾಲಿಗೆ ಇಳಿದರು. ಕೈಮುಗಿದುಕೊಂಡು, "ಸಾವಕಾಶ ಆಗ್ಲಿ, ಗಡಿಬಿಡಿ ಬೇಡ," ಎಂದು ಎಲೆ ಎಲೆಗೂ ಹೇಳುತ್ತ, ಹಿಂದೆ ತಮ್ಮಂದಿರು ಮೂವರನ್ನು ಕಟ್ಟಿಕೊಂಡು. ಎರಡು ಸಾಲು ಕುರ್ಚಿಗಳ ನಡುವಿನ ಓಣಿಯಲ್ಲಿ ಅವರೂ ಯಂತ್ರವೂ ಎದುರಾಬದುರಾದರು. ಯಂತ್ರ ನಿಂತಿತು.

"ದಯವಿಟ್ಟು ದಾರಿ ಬಿಡಿ. ನಾನು ಕೆಲಸದಲ್ಲಿದ್ದೇನೆ."

ಬಡಿಸುವವರು ಎದುರು ಬಂದರೆ ನಾವೆಲ್ಲ ಏನು ಮಾಡುತ್ತೇವೆ? ಒಂದಿಷ್ಟು ಓರೆಯಾಗಿ ನಿಂತು "ಹೋಗಿ ಹೋಗಿ" ಎನ್ನುತ್ತೇವೆ, ಅವರೂ ಓರೆಯಾಗಿ ನುಸುಳಿಕೊಳ್ಳುತ್ತಾರೆ. ಆ ಪುಣ್ಯಾತ್ಮರು ಹಾಗೆಯೇ ಓರೆಯಾದರು. ಯಂತ್ರಕ್ಕೆ ಓರೆಯಾಗಲು ಬರುವುದಿಲ್ಲ.

"ದಯವಿಟ್ಟು ದಾರಿ ಬಿಡಿ."

"ಅಯ್ಯೋ, ನಿಂಗ ಮೊದ್ಲು ಹೋಗಿ, ನಿಂಗ ಮೊದ್ಲು," ಎಂದು ಅವರು ಹೊಟ್ಟೆ ಒಳಗೆಳೆದುಕೊಂಡು ಇನ್ನೂ ಬಾಗಿ ಕೈಮುಗಿದರು. ಅವರ ಹಿಂದಿನ ಮೂವರೂ ಹೊಟ್ಟೆ ಒಳಗೆಳೆದುಕೊಂಡು ಕೈಮುಗಿದರು. ನಾಲ್ವರಲ್ಲಿ ಒಬ್ಬರೂ ತಿರುಗಿ ವಾಪಸು ಹೋಗಲು ತಯಾರಿಲ್ಲ. ಉಣ್ಣುವವರಿಗೆ ಬೆನ್ನು ಹಾಕಿ ಹೋಗುವುದೆಂದರೆ ಮನೆಯ ಯಜಮಾನನಿಗೆ ಆಗುವ ಮಾತಲ್ಲ. ಯಂತ್ರವೂ ಹಿಂದೆ ಹೋಗುವಂತಿಲ್ಲ, ಹಿಂದೆ ಪಲ್ಯದ ಅಕ್ಕನಿಂದ ತುಪ್ಪದವರೆಗೆ ಮೆರವಣಿಗೆ ನಿಂತಿದೆ. ಅದು ಕಣ್ಣು ಮಿಟುಕಿಸಿತು. ಇವರು ನಕ್ಕರು. ಅದು ಮತ್ತೆ ದಾರಿ ಕೇಳಿತು. ಇವರು ಮತ್ತೆ ಮುಂದೆ ಹೋಗಲು ಹೇಳಿದರು.

ಅಷ್ಟೂ ಎಲೆಗಳಲ್ಲಿ ಪಲ್ಯ, ಕೋಸಂಬರಿ, ನಡುವೆ ಅನ್ನದ ಜಾಗ ಖಾಲಿ. ಅಷ್ಟೂ ಜನರ ಕೈ ಎಲೆಯ ಅಂಚಿನಲ್ಲಿ. ನಾನು ಈ ತುದಿಯಿಂದ "ಹೊರಗೆ ಬನ್ನಿ, ಇತ್ಲಾಗೆ ಬನ್ನಿ" ಎಂದು ಕೂಗುತ್ತಿದ್ದೇನೆ, ಕೊನೆಯ ತಮ್ಮ ನನ್ನ ಕಡೆಗೂ ತಿರುಗಿ ಕೈಮುಗಿದರು! ಬಾಗಿಲಲ್ಲಿ ಮಾಲೀಕರು ತಲೆಯ ಮೇಲೆ ಕೈಯಿಟ್ಟುಕೊಂಡಿದ್ದರು.

ಆಗ ಪನ್ನೀರಿನ ಕುರ್ಚಿ ಸದ್ದು ಮಾಡಿತು.

ಅಪ್ಪಚ್ಚಿ ಪಂಚೆ ಎತ್ತಿ ಕಟ್ಟುತ್ತಲೇ ಅಡುಗೆಮನೆಯ ಕಡೆಯಿಂದ ಸುತ್ತಿಕೊಂಡು ಬಂದ. ಮೆರವಣಿಗೆಯನ್ನು ಹೇಗೋ ದಾಟಿ ಯಂತ್ರದ ಪಕ್ಕ ತಲುಪಿದ. ಅಲ್ಲಿ ಉಣ್ಣಲು ಕೂತಿದ್ದವರೊಬ್ಬರಿಗೆ, "ಒಂಚೂರು ಕುರ್ಚಿ ಮುಂದೆ ತಗಳಿ ಭಾವಯ್ಯ," ಎಂದ. ಆದ ಸಂದಿಯಿಂದ ಕೈಚಾಚಿ ಹುಡುಗಿಯ ಅಪ್ಪನ ಮೊಣಕೈ ಹಿಡಿದ.

"ಯಜಮಾನ್ರೇ, ಅದಕ್ಕೆ ಉಪಚಾರ ಅರ್ಥ ಆಗ್ತಿಲ್ಲೆ. ನಿಂಗ ಇತ್ಲಾಗೆ ಬಂದ್ಬಿಡಿ."

"ಬೇಜಾರ್ ಮಾಡ್ಕತ್ತಿಲ್ಲೆಯಲಿ?" ಎಂದು ಅವರು ಯಂತ್ರವನ್ನು ನೋಡಿ ಕೇಳಿದರು. ಆಣೆಗೂ ಕೇಳಿದರು.

"ಇಲ್ಲೆ ಇಲ್ಲೆ, ಬನ್ನಿ."

ನಾಲ್ವರನ್ನೂ ಒಬ್ಬೊಬ್ಬರಾಗಿ ಸಂದಿಯಿಂದ ಆಚೆ ದಾಟಿಸಿದ. ದಾರಿ ಬಿಟ್ಟಿತು, ಯಂತ್ರ ಹೊರಟಿತು. ಅನ್ನದ ಪಾತ್ರೆಯಲ್ಲಿ ಒಂದು ಸೌಟು ನೆಟ್ಟಿತ್ತು. ಉದ್ದ ಹಿಡಿಯದು. ನನ್ನ ಕೈಯಲ್ಲಿ ಬೇರೆ ಸೌಟಿದೆಯೆಂದು ಗೊತ್ತಿದ್ದೂ ಭಟ್ಟರು ಅದನ್ನೇ ಇಟ್ಟು ಕಳಿಸಿದ್ದರು. ರೂಢಿಯಿಂದಲೋ ಬೇಕೆಂದೋ, ಕೇಳಿದರೆ ಇವತ್ತಿಗೂ ಹೇಳುವುದಿಲ್ಲ.

ಅಪ್ಪಚ್ಚಿ ಸೌಟು ತೆಗೆದುಕೊಂಡು ಮೊದಲ ಎಲೆಗೆ ಅನ್ನ ಇಳಿಸಿದ.

ಯಂತ್ರದ ಹಿಂದೆ ಒಂದು ಗುಂಡಿಯಿದೆ, ಒತ್ತಿದರೆ ನಿಲ್ಲುತ್ತದೆ, ಇನ್ನೊಮ್ಮೆ ಒತ್ತಿದರೆ ಹೊರಡುತ್ತದೆ. ಇವನಿಗೆ ಅದನ್ನು ನಾನು ಹೇಳಿಕೊಟ್ಟವನಲ್ಲ. ಎರಡು ಕಾರ್ಯಗಳಲ್ಲಿ ಅತ್ತ ನೋಡದವನಂತೆ ನೋಡಿ ಕಲಿತಿದ್ದ. ಒತ್ತಿದ, ಬಡಿಸಿದ, ಒತ್ತಿದ, ನಡೆದ. ಎಡಗೈ ಅದರ ತಟ್ಟೆಯ ಅಂಚಿನ ಮೇಲಿತ್ತು. ದೂರದಿಂದ ನೋಡಿದವರಿಗೆ ದನವನ್ನು ಮೇಯಿಸಿಕೊಂಡು ಬರುವವನ ಹಾಗೆ, ಸುಮ್ಮನೆ ಕೈಯಿಟ್ಟ ಹಾಗೆ ಕಾಣಬೇಕು. ಹತ್ತಿರ ಬಂದಾಗ ನಾನು ಕಂಡೆ, ಬೆರಳ ಗಂಟುಗಳು ಬಿಳಿಚಿದ್ದವು. ಪ್ರತಿ ಹೆಜ್ಜೆಗೂ ಬಲಮಂಡಿಯ ಭಾರವನ್ನು ಅದರ ಮೇಲೆ ಹಾಕಿ ನಡೆಯುತ್ತಿದ್ದ. ಮೂರು ಪಂಕ್ತಿ ಹಾಗೇ ಬಡಿಸಿದ. ಒಂದು ಅಗಳು ಆಚೆ ಬೀಳಲಿಲ್ಲ.

"ಒಪ್ಪಿದ್ರಲ್ಲ ಮಾರಾಯ್ರೆ!" ಎಂದು ಮಾಲೀಕರು ನನ್ನ ಬೆನ್ನು ತಟ್ಟಿದರು. "ಅನ್ನ ಅವ್ರದ್ದೇ ಆತು ಹಂಗಾರೆ."

ಕೊನೆಗೆ ನಾವು ನಮ್ಮ ಎಲೆ ಹಾಕಿಕೊಂಡು ಕೂತೆವು. ಯಂತ್ರವನ್ನು ಚಾರ್ಜಿಗೆ ಹಾಕುವ ಪ್ಲಗ್ಗು ಇರುವುದು ಅಲ್ಲೇ ಗೋಡೆಯಲ್ಲಿ, ಹಾಗಾಗಿ ಅದೂ ನಮ್ಮ ಸಾಲಿನ ತುದಿಗೇ ಬಂದು ನಿಂತಿತ್ತು. ಎಲ್ಲರೂ ಖುಷಿಯಲ್ಲಿದ್ದರು. ಆ ಖುಷಿಯಲ್ಲಿ ನಾನು ಬಾಯಿಬಿಟ್ಟೆ.

"ಈಗ ಮಂಡಿ ಹೆಂಗಿದ್ದು ಅಪ್ಪಚ್ಚಿ?"

ಅವನು ಕಲಸಿದ ತುತ್ತನ್ನು ಎಲೆಯಲ್ಲೇ ಬಿಟ್ಟ. "ಮಂಡಿಗೆಂತ ಆಯ್ದು?"

"ಅಲ್ಲ, ಅದನ್ನ ಹಿಡ್ಕಂಡು ನಡೆದ್ಯಲ..."

"ಅದು ದಾರಿ ತಪ್ಪುಲಾಗ ಹೇಳಿ ಹಿಡ್ಕಂಡಿದ್ದೆ."

ಅಲ್ಲಿಗೆ ನನ್ನ ತಾಳ್ಮೆ ಮುಗಿಯಿತು. ಒಂದು ವರ್ಷದಿಂದ ಗಂಟಲಲ್ಲಿದ್ದದ್ದೆಲ್ಲ ಹೊರಗೆ ಬಂತು. "ಒಂದು ವರ್ಷದಿಂದ ಆನು ಕೈಕಾಲು ಹಿಡ್ಕಂಡು ಕೇಳಿದ್ದೆ, ಪಾತ್ರೆ ಕೊಡು ಹೇಳಿ! ನೀನು ಎನ್ನ ಕೈಗೆ ಕೊಟ್ಟಿದ್ದಿಲ್ಲೆ. ಎನ್ನ ಅಂಗಡೀಲಿ ಮುಲಾಮು ತಗಂಡಿದ್ದಿಲ್ಲೆ. ಭಟ್ಕಳಕ್ಕೆ ಹೋಪದು! ಈಗ ಎಲ್ಲಿಂದಲೋ ಬಂದ ಈ ತಗಡಿಗೆ ಕೊಟ್ಟೆ ನೀನು. ಇದು ಎಂತ ಎನ್ನಕಿಂತ ಹತ್ರದ ಸಂಬಂಧ?"

ಭಟ್ಕಳದ ಮಾತು ಬಂದಾಗ ಅಪ್ಪಚ್ಚಿ ಒಮ್ಮೆ ನನ್ನ ಮುಖ ನೋಡಿದ. ಪಲ್ಯದ ಅಕ್ಕ ಮಜ್ಜಿಗೆ ಕುಡಿಯುವುದನ್ನು ನಿಲ್ಲಿಸಿದ್ದಳು.

"ಕೇಳಿದ್ದೆ, ಕೇಳಿದ್ದೆ ಹೇಳ್ತೆ ನೀನು," ಎಂದ ಅವನು, ಮೆಲ್ಲಗೆ. "ಕೇಳುಲೆ ನಿಂಗೆ ಯಾರು ಕಲಿಸಿದ್ದ? ಆನು ಎಂತ ಕಲಿಸಿದ್ದೆ? ಕೇಳಿದ್ರೆ ಯಾರು ಹೌದು, ಬೇಕು ಹೇಳ್ತ? ಎಲೆ ನೋಡಿ ಹಾಕವು." ಎಡಗೈಯಿಂದ ಯಂತ್ರದ ಕಡೆ ತೋರಿಸಿದ. "ಅದು ಕೇಳ್ತಿಲ್ಲೆ. ಬಂದು ನಿಂತ್ಕತ್ತು. ಹೋಗಿ ನಾಲ್ಕು ಮನೇಲಿ ಹೇಳ್ತೂ ಇಲ್ಲೆ."

ಯಂತ್ರ ಗೋಡೆಯ ಬದಿಯಲ್ಲಿ ಕಣ್ಣು ಮಿಟುಕಿಸಿತು. ಅದಕ್ಕೆ ಒಂದು ಬಾರಿಸಿಬಿಡಬೇಕೆನ್ನಿಸಿತು ನನಗೆ.

ಇದು ಸುಖಾಂತ್ಯ ಎಂದುಕೊಂಡರೆ ಅಪ್ಪಚ್ಚಿಯನ್ನು ನೀವು ಅರಿತಿಲ್ಲ. ಅದಾದ ಮೇಲೆ ಅವನ ವರಾತ ಶುರುವಾಯಿತು. ಕಾರ್ಯದ ಹಿಂದಿನ ದಿನವೇ ಅಂಗಡಿಗೆ ಫೋನು: "ಚಾರ್ಜಿಗೆ ಹಾಕಿದ್ವಾ ಕೇಳು." ಒಮ್ಮೆ ಅದರ ಗಾಲಿ ರಿಪೇರಿಗೆ ಹೋದಾಗ ಗಿರಾಕಿಗಳ ಎದುರೇ ನನ್ನಿಂದ ಮಾಲೀಕರಿಗೆ ನಾಲ್ಕು ಸಲ ಫೋನು ಮಾಡಿಸಿದ. ಈಗ ಮುಲಾಮನ್ನು ನನ್ನ ಅಂಗಡಿಯಲ್ಲೇ ಕೊಳ್ಳುತ್ತಾನೆ. "ಪಕ್ಕದಮನೆಯವಕ್ಕೆ," ಎಂದು ಹೇಳಿ ಕೊಳ್ಳುತ್ತಾನೆ. ನಾನು ಸುಮ್ಮನೆ ಕಾಗದದಲ್ಲಿ ಸುತ್ತಿ ಕೊಡುತ್ತೇನೆ. ಸುಮ್ಮನಿರಲು ಎಷ್ಟು ಕಷ್ಟಪಡುತ್ತೇನೆಂದು ನನಗೇ ಗೊತ್ತು.

ಹೋದ ತಿಂಗಳು ಅಪ್ಸರಕೊಂಡದ ಹತ್ತಿರ ಒಂದು ಮನೆಯ ಮುಂಜಿ. ಮನೆಯಲ್ಲೇ ಊಟ, ಅಂಗಳಕ್ಕೆ ಚಪ್ಪರ. ಚಿರೆಕಲ್ಲು ಹಾಸಿದ ಅಂಗಳ, ಕಲ್ಲಿಗೂ ಕಲ್ಲಿಗೂ ನಡುವೆ ಬೆರಳು ಹೋಗುವಷ್ಟು ಸಂದು, ಅಡುಗೆಮನೆಯಿಂದ ಇಳಿಯಲು ಮೂರು ಮೆಟ್ಟಿಲು. ಸಭಾಭವನದ ಟೈಲ್ಸಿನ ಮೇಲೆ ಮಹಾರಾಣಿಯ ಹಾಗೆ ಓಡಾಡುವ ನಮ್ಮ ಬೆಕ್ಕು ಅಲ್ಲಿ ಒಂದು ಗೇಣು ಸರಿಯದು.

"ಅದು ಬತ್ತಾ?" ಎಂದು ಕಾರಿನಲ್ಲಿ ಕೇಳಿದ ಅಪ್ಪಚ್ಚಿ.

"ಅಂಗಳದಲ್ಲಿ ನಡೀತಿಲ್ಲೆ ಅದು."

ಆಮೇಲೆ ಅವನು ಎಡಗೈಯಲ್ಲಿ ಮಂಡಿಯನ್ನು ಒತ್ತಿಕೊಳ್ಳುತ್ತ ಕಿಟಕಿಯಿಂದ ಹೊರಗೆ ನೋಡುತ್ತಿದ್ದ. ನನ್ನ ಬಾಯಿಯ ತುದಿಗೆ ಎಲ್ಲ ಬಂತು: ನೋವಿದ್ದಾ, ಇವತ್ತು ಕೂತ್ಕತ್ಯಾ, ಪಾತ್ರೆ ಕೊಡ್ತ್ಯಾ. ಹಲ್ಲು ಕಚ್ಚಿಕೊಂಡೆ.

ಅನ್ನದ ಹೊತ್ತಿಗೆ ನಾನು ಭಟ್ಟರಿಂದ ಪಾತ್ರೆ ಇಸಿದುಕೊಂಡು ಮೆಟ್ಟಿಲಿಳಿದೆ. ಅಪ್ಪಚ್ಚಿ ಸಾಲಿನ ಮೊದಲಲ್ಲಿ ನಿಂತಿದ್ದ. ಅವನಿಗಿಂತ ಅರ್ಧ ಹೆಜ್ಜೆ ಮುಂದೆ, ಭುಜ ಅವನ ಎಡಗೈಗೆ ಸಿಗುವ ಹಾಗೆ ಹೋಗಿ ನಿಂತುಕೊಂಡೆ. ಅವನ ಮುಖ ನೋಡಲಿಲ್ಲ. ಎದುರಿನ ಚಪ್ಪರದ ಕಂಬ ನೋಡಿದೆ.

ಎಷ್ಟೋ ಹೊತ್ತಾಯಿತು ಎನ್ನಿಸಿತು. ಆಮೇಲೆ ಪಾತ್ರೆಗೆ ಸೌಟು ಇಳಿದ ಸದ್ದು. ಅದರ ಹಿಂದೆಯೇ ಭುಜದ ಮೇಲೆ ಕೈ ಬಿತ್ತು. ದೇವರೇ, ಎಂಥ ಭಾರ! ಈ ಭಾರವನ್ನು ಅಷ್ಟು ದಿನ ಆ ಮಂಡಿ ಒಂದೇ ಹೊತ್ತಿತ್ತೇ? ನಾನು ನಡೆದೆ. ಸೌಟಿನ ತುದಿ ಪಾತ್ರೆಗೆ ಒಮ್ಮೆ ತಾಗಿದರೆ ನಿಂತೆ, ಮತ್ತೊಮ್ಮೆ ತಾಗಿದರೆ ಹೊರಟೆ.

ಅರ್ಧ ಸಾಲು ಆಗಿರಬೇಕು. "ಸಮಾ ನಡೆಯೋ," ಎಂದು ಕಿವಿಯ ಹತ್ತಿರ ಗುರುಗುಟ್ಟಿದ. "ಎಂತಕ್ಕೆ ಅತ್ತಿತ್ತ ತೂಗ್ತೆ? ಅದು ನಿನ್ನಕಿಂತ ಲಾಯ್ಕು ನಡೀತು."

ಅಷ್ಟರಲ್ಲಿ ಆ ತುದಿಯಿಂದ ಮನೆಯ ಯಜಮಾನರು ಕೈಮುಗಿದುಕೊಂಡು, "ಸಾವಕಾಶ ಆಗ್ಲಿ, ಸಾವಕಾಶ ಆಗ್ಲಿ," ಎನ್ನುತ್ತ ನೇರ ನಮ್ಮ ಎದುರಿಗೇ ಬಂದು, ಓರೆಯಾಗಿ ನಿಂತು ನಕ್ಕರು. ಕೈಯಲ್ಲಿ ಪಾತ್ರೆ, ಭುಜದ ಮೇಲೆ ಅಪ್ಪಚ್ಚಿ. ಓರೆಯಾಗಲು ನನಗೂ ಬರುವಂತಿರಲಿಲ್ಲ.

"ದಯವಿಟ್ಟು ದಾರಿ ಬಿಡಿ," ಎಂದೆ. "ನಾನು ಕೆಲಸದಲ್ಲಿದ್ದೇನೆ."

ಯಜಮಾನರು ಕಕ್ಕಾಬಿಕ್ಕಿಯಾಗಿ ಎರಡು ಕುರ್ಚಿಗಳ ನಡುವೆ ಸರಿದರು. ನನ್ನ ಭುಜದ ಮೇಲಿನ ಅಪ್ಪಚ್ಚಿಯ ಕೈ ನಗುವಿಗೆ ಗದಗದ ಅಲುಗುತ್ತಿದ್ದದ್ದು ಸಾಲು ಮುಗಿಯುವವರೆಗೂ ನಿಲ್ಲಲಿಲ್ಲ.